ಭೈರಮ್ಮನೂ ನಾವು ಹುಟ್ಟಿಸಿದ ಅಟ್ಟದಮ್ಮನೂ

ಭೈರಮ್ಮನನ್ನು ನೋಡಿ ಹೆದರುವಂಥದ್ದು ಏನೂ ಇಲ್ಲ. ಐವತ್ತೆಂಟು ವರ್ಷ, ಐದಡಿಗೆ ಮೂರು ಬೆರಳು ಕಡಿಮೆ, ಬಾಯಲ್ಲಿ ಸದಾ ಎಲೆಅಡಿಕೆ, ನಕ್ಕರೆ ಎರಡು ಮನೆ ಆಚೆಗೆ ಕೇಳುವ ಗಂಟಲು. ಇಂಥವಳು ಹತ್ತಿದಳೆಂದು ಬಸ್ಸಿನ ಕಂಡಕ್ಟರೊಬ್ಬ ಟಿಕೆಟ್ ಕೊಡುವುದನ್ನೂ ಬಿಟ್ಟು ಹಿಂದಿನ ಬಾಗಿಲಿನಿಂದ ಇಳಿದು ನಿಂತನೆಂದರೆ ಆ ಪಾಪ ನನ್ನದು. ಅರ್ಧ ನನ್ನದು, ಇನ್ನರ್ಧ ರೇಣುಕಪ್ರಸಾದನದು. ಅವನು ತನ್ನ ಪಾಲನ್ನು ಒಪ್ಪಿಕೊಳ್ಳುವವನಲ್ಲ, ಆದ್ದರಿಂದ ನಾನೇ ಬರೆಯಲು ಕೂತಿದ್ದೇನೆ.

ಮೊದಲು ಭೈರಮ್ಮನ ಕೆಲಸ ಏನೆಂದು ಹೇಳಬೇಕು. ನಮ್ಮ ತಿಪಟೂರು ಸೀಮೆಯ ತೆಂಗಿನಕಾಯಿ ಮರದಿಂದ ಇಳಿದ ಮೇಲೆ ಸೀದಾ ಪೇಟೆಗೆ ಹೋಗುವುದಿಲ್ಲ. ಸಿಪ್ಪೆಯ ಸಮೇತ ಮನೆಯ ಅಟ್ಟ ಹತ್ತುತ್ತದೆ. ಅಲ್ಲಿ ಹತ್ತು ಹನ್ನೊಂದು ತಿಂಗಳು ಯಾರ ಕೈಗೂ ಸಿಗದೆ ಬಿದ್ದುಕೊಂಡಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಇಡಿಯ ಉಂಡೆಯಾದಾಗ ಅದು ಕೊಬ್ಬರಿ. ಆತುರಪಟ್ಟು ಒಡೆದರೆ ಒಳಗೆ ಹಸಿ, ವರ್ಷದ ಬೆಳೆ ಹಾಳು. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಉಂಡೆ ಹೇಗೆ ಬಡಿದುಕೊಳ್ಳುತ್ತದೆ ಎಂದು ಕೇಳಬೇಕು.

ಈ ಕೇಳುವ ಕೆಲಸದಲ್ಲಿ ಅರಳಗುಪ್ಪೆಯ ಭೈರಮ್ಮನನ್ನು ಮೀರಿಸಿದವರಿಲ್ಲ. ಏಳು ಹೆಂಗಸರ ಗುಂಪು ಕಟ್ಟಿಕೊಂಡು ಮನೆಮನೆಯ ಕೊಬ್ಬರಿ ಬಿಡಿಸುವುದು ಅವಳ ವೃತ್ತಿ. ಗುಂಪು ಬರುವ ಮೊದಲು ಅವಳೊಬ್ಬಳೇ ಅಟ್ಟ ಹತ್ತಿ, ನಾಲ್ಕು ಮೂಲೆಯಿಂದ ಕಾಯಿ ತೆಗೆದು, ಕಣ್ಣುಮುಚ್ಚಿ ಅಲ್ಲಾಡಿಸಿ, ಮೇಲಿನಿಂದಲೇ ಕೂಗಿ ಹೇಳುತ್ತಾಳೆ. ಆಗಿದ್ದರೆ "ಆಗೈತೆ." ಇಲ್ಲದಿದ್ದರೆ "ಇನ್ನೂ ಇಲ್ಲ." ಮೂರನೆಯ ಮಾತಿಲ್ಲ. ಅವಳ ಗಂಡ ತಿಮ್ಮರಾಜುವಿಗೆ ಕಿವಿ ಮಂದ. ಆ ಮನೆಗೆ ಮೀಸಲಾಗಿದ್ದ ಕಿವಿಯನ್ನೆಲ್ಲ ದೇವರು ಒಬ್ಬಳಿಗೇ ಕೊಟ್ಟು ಕೈತೊಳೆದುಕೊಂಡ ಎಂದು ಊರಿನವರು ನಗುತ್ತಾರೆ. ತಿಮ್ಮರಾಜುವೂ ನಗುತ್ತಾನೆ, ಏನೆಂದು ಗೊತ್ತಿಲ್ಲದೆ.

ಅವಳದೊಂದು ಕಟ್ಟುಪಾಡಿದೆ. ಕರೆಯದೆ ಯಾರ ಅಟ್ಟವನ್ನೂ ಹತ್ತುವುದಿಲ್ಲ. ವರ್ಷದ ಬೆಳೆ ಇರುವ ಜಾಗ, ಕಂಡವರು ಕಾಲಿಡುವಂತಿಲ್ಲ. ಮನೆಯ ಹಿರಿಯರು ಏಣಿಯ ಬುಡದಲ್ಲಿ ನಿಂತು "ಭೈರಮ್ಮ, ಹತ್ತವ್ವ" ಎಂದು ಹೆಸರು ಹಿಡಿದು ಕರೆಯಬೇಕು. ಆಮೇಲೆಯೇ ಅವಳು ಸೆರಗು ಕಟ್ಟುವುದು. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ.

ಇನ್ನು ನಮ್ಮ ಪಾಪದ ವಿಷಯ. ನನ್ನ ಹೆಸರು ತೋಂಟದಾರ್ಯ. ತಿಪಟೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ದಿನವಿಡೀ ಬೇರೆಯವರ ಪಹಣಿ, ಆಧಾರ್ ಕಾರ್ಡುಗಳನ್ನು ನಕಲು ಮಾಡಿ ಮಾಡಿ, ನನ್ನದೇ ಆದ ಒಂದನ್ನು ಬರೆಯಬೇಕೆಂಬ ಚಟ ಹತ್ತಿತು. ಪಕ್ಕದ ಅಂಗಡಿ ರೇಣುಕಪ್ರಸಾದನ ಸ್ಟುಡಿಯೋ. ಮದುವೆ ವಿಡಿಯೋ, ಪಾಸ್‌ಪೋರ್ಟ್ ಫೋಟೋ, ಹುಟ್ಟುಹಬ್ಬದ ಫ್ಲೆಕ್ಸು, ಸತ್ತವರ ಫ್ಲೆಕ್ಸು, ಎಲ್ಲಾ ಅವನದೇ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಕ್ಯಾಮೆರಾ ಸುಮ್ಮನೆ ಕೂತಿರುತ್ತದೆ. ಎರಡು ವರ್ಷದ ಹಿಂದಿನ ಆಷಾಢದಲ್ಲಿ ಅವನು ಬಂದು, "ಲೇ ದಾರ್ಯ, ಒಂದು ದೆವ್ವದ್ ಪಿಚ್ಚರ್ ಮಾಡಾಣ ಕಣ್ಲಾ. ಕತೆ ನೀನ್ ಬರಿ" ಎಂದ. ನಾನು ಆ ದಿನವೇ ಜ್ವರ ಎಂದು ಮಲಗಿಬಿಟ್ಟಿದ್ದರೆ ಚೆನ್ನಾಗಿತ್ತು.

ನಾನು ಬರೆದ ದೆವ್ವದ ಹೆಸರು ಅಟ್ಟದಮ್ಮ. ಕೊಬ್ಬರಿ ಅಟ್ಟದಲ್ಲಿ ಕಾಯಿಗಳ ನಡುವೆ ವಾಸ. ತಾನಾಗಿ ಬರುವುದಿಲ್ಲ. ಏಣಿಯ ಬುಡದಲ್ಲಿ ನಿಂತು ಹೆಸರು ಹಿಡಿದು ಕರೆದರೆ ಇಳಿದು ಬರುತ್ತಾಳೆ. ಕರೆದವನ ತಲೆಯನ್ನು ಎರಡು ಕೈಯಲ್ಲಿ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಕಿವಿಗೊಟ್ಟು ಕೇಳುತ್ತಾಳೆ. "ಆಗೈತೆ" ಎನ್ನುತ್ತಾಳೆ. ಮಾರನೆಯ ಬೆಳಿಗ್ಗೆ ಅವನಿರುವುದಿಲ್ಲ. ಎಲ್ಲಿಂದ ಕದ್ದೆ ಎಂದು ನೀವು ಕೇಳಬೇಕಿಲ್ಲ, ಗೊತ್ತಾಗಿದೆ. ಆಗ ನನಗೆ ಮಾತ್ರ ಇದು ಅಪಾರ ಕಲ್ಪನೆಯಂತೆ ಕಂಡಿತ್ತು.

ಚಿತ್ರೀಕರಣಕ್ಕೆ ಅರಳಗುಪ್ಪೆಯ ಏಕಾಂತಯ್ಯನವರ ಅಟ್ಟ ಸಿಕ್ಕಿತು. ಎಪ್ಪತ್ತನಾಲ್ಕು ವರ್ಷದ ಯಜಮಾನರು, ತೋಟದಲ್ಲಿ ಬೆಳೆದವರು, ಊರಿಗೆಲ್ಲ ಮೊದಲು ಕೊಬ್ಬರಿ ಇಳಿಸುವ ಮನೆ. ಅವರ ಅಟ್ಟದ ಕಾಯಿ ನೋಡಿಕೊಂಡೇ ಉಳಿದವರು ತಮ್ಮ ಅಟ್ಟದ ಕಡೆ ತಲೆ ಎತ್ತುವುದು. ದೆವ್ವದ ಪಾತ್ರಕ್ಕೆ ಚಿಕ್ಕನಾಯಕನಹಳ್ಳಿಯಿಂದ ನಾಟಕದ ಹೆಂಗಸೊಬ್ಬರನ್ನು ಕರೆಸಿದ್ದೆವು. ಆಕೆ ಕಾಯಿ ಹಿಡಿದರೆ ಫೋನು ಹಿಡಿದ ಹಾಗಿತ್ತು. ಹೇಗೆ ಅಲ್ಲಾಡಿಸಬೇಕೆಂದು ತೋರಿಸಿಕೊಡಲು ಭೈರಮ್ಮನನ್ನು ಕರೆದೆವು. ಅವಳು ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಂದು, ಕಾಯಿ ಎತ್ತಿ, ಕಣ್ಣುಮುಚ್ಚಿ ಒಮ್ಮೆ ಅಲ್ಲಾಡಿಸಿದ್ದೇ ತಡ, ರೇಣುಕಪ್ರಸಾದ ನಾಟಕದವರಿಗೆ ಬಸ್ ಚಾರ್ಜು ಕೊಟ್ಟು ಕಳಿಸಿಬಿಟ್ಟ.

"ನಾನ್ಯಾಕಪ್ಪ ಜನುನ್ನ ಸಾಯ್ಸಾಕ್ ಹೋಗ್ಲಿ?" ಎಂದಳು ಭೈರಮ್ಮ.

"ಪಿಚ್ಚರ್ ಕಣಕ್ಕ, ನಿಜ ಅಲ್ಲ" ಎಂದೆ ನಾನು.

"ಹಂಗಾದ್ರೆ ಕಾಯಿ ಅಂದ್ಕಂಡೇ ಅಲ್ಲಾಡುಸ್ತೀನಿ ಬುಡು."

ಹಾಗೇ ಮಾಡಿದಳು. ನಮ್ಮ ನಾಯಕ ಮುನ್ನಾ, ಬೈಕ್ ಮೆಕ್ಯಾನಿಕ್. ಅವನ ತಲೆಯನ್ನು ಅವಳು ನಿಜವಾಗಿಯೂ ಕಾಯಿ ಎಂದುಕೊಂಡು ಅಲ್ಲಾಡಿಸಿದ್ದರಿಂದ ಎರಡು ದಿನ ಅವನು ಕತ್ತು ತಿರುಗಿಸದೆ ಗ್ಯಾರೇಜಿನಲ್ಲಿ ಕೂತಿದ್ದ. ಹೊಗೆ ಬೇಕೆಂದು ಅವನು ಹಳೆಯ ಬೈಕೊಂದರ ಸೈಲೆನ್ಸರನ್ನು ಅಟ್ಟದ ಕೆಳಗೆ ಇಟ್ಟಾಗ ಮಾತ್ರ ದೆವ್ವ ವೇಷದಲ್ಲೇ ಏಣಿಯಿಳಿದು ಬಂದು, ಕೊಬ್ಬರಿಗೆ ಪೆಟ್ರೋಲ್ ವಾಸನೆ ಹಿಡಿಯುತ್ತದೆಂದು ಮೂವರಿಗೂ ಮಂಗಳಾರತಿ ಎತ್ತಿತು. ಉಳಿದಂತೆ ಎಲ್ಲ ಸಲೀಸಾಗಿ ಮುಗಿಯಿತು.

ನಲವತ್ತಾರು ನಿಮಿಷದ ಚಿತ್ರವನ್ನು ಯೂಟ್ಯೂಬಿಗೆ ಹಾಕಿದೆವು. ಮೊದಲ ತಿಂಗಳು ನೋಡಿದವರು ನಮ್ಮ ನೆಂಟರು ಮಾತ್ರ, ಅವರೂ ಪೂರ್ತಿ ನೋಡಲಿಲ್ಲ. ಆಮೇಲೆ ಯಾರೋ ಪುಣ್ಯಾತ್ಮ ಆ ತಲೆ ಅಲ್ಲಾಡಿಸುವ ದೃಶ್ಯವನ್ನಷ್ಟೇ ಕತ್ತರಿಸಿ ವಾಟ್ಸಾಪಿಗೆ ಬಿಟ್ಟ. ವಾರದೊಳಗೆ ತುರುವೇಕೆರೆ, ಹುಳಿಯಾರು, ಅಮ್ಮಸಂದ್ರ, ಎಲ್ಲೆಲ್ಲೂ ಅದೇ. ಬೇಕರಿಯಲ್ಲಿ ಬನ್ ಬೆಂದರೆ "ಆಗೈತೆ." ಪರೀಕ್ಷೆಯಲ್ಲಿ ಫೇಲಾದರೆ "ಆಗೈತೆ." ನಾವಿಬ್ಬರೂ ಕಾಲರ್ ಎತ್ತಿಕೊಂಡು ಓಡಾಡಿದೆವು.

ಕಾಲರ್ ಬಹಳ ದಿನ ನಿಲ್ಲಲಿಲ್ಲ. ರೇಣುಕಪ್ರಸಾದನಿಗೆ ಫೋಟೋ ತೆಗೆದ ಮೇಲೆ "ಹಾಂ, ಆಗಿದೆ" ಎನ್ನುವುದು ಇಪ್ಪತ್ತು ವರ್ಷದ ಅಭ್ಯಾಸ. ಈಗ ಹಾಗೆಂದರೆ ಗಿರಾಕಿಗಳು ಕುರ್ಚಿಯಿಂದ ಬೀಳುವುದೊಂದು ಬಾಕಿ. ಅವನ ಹೆಂಡತಿ ಅಟ್ಟದಲ್ಲಿದ್ದ ಸಾಮಾನನ್ನೆಲ್ಲ ಇಳಿಸಿ ನಡುಮನೆಯಲ್ಲಿ ಪೇರಿಸಿದಳು, ಅವನು ಅವುಗಳನ್ನು ದಾಟಿ ದಾಟಿ ಊಟಕ್ಕೆ ಹೋಗಬೇಕಾಯಿತು. ನಮ್ಮ ಮನೆಯಲ್ಲಿ ನನ್ನ ತಾಯಿ ಸಿದ್ದಗಂಗಮ್ಮ ಅಟ್ಟದ ಏಣಿಯ ಬುಡದಲ್ಲಿ ದಿನಾ ಒಂದು ಚೂರು ಬೆಲ್ಲ ಇಡಲು ಶುರುಮಾಡಿದಳು.

"ಅಮ್ಮ, ಅವ್ಳನ್ನ ಬರ್ದೋನು ನಾನು" ಎಂದೆ.

"ನೀನ್ ಬರ್ದೆ ಕಣಪ್ಪ. ಬರ್ಸ್ದೋರು ಯಾರು?" ಎಂದಳು.

ಪಿಂಚಣಿ ಕಾಗದದ ಜೆರಾಕ್ಸಿಗೆ ಬಂದ ಮುದುಕರೊಬ್ಬರು, ತಮ್ಮ ಅಜ್ಜನ ಕಾಲದಲ್ಲಿ ಅಟ್ಟದಮ್ಮ ಯಾರ ಯಾರ ಮನೆಗೆ ಬಂದಿದ್ದಳೆಂದು ಅರ್ಧ ಗಂಟೆ ನನಗೇ ಹೇಳಿದರು. ಅವಳು ಅಲ್ಲಾಡಿಸುವುದು ಎಡಗೈಯಲ್ಲಂತೆ, ನಾವು ಎರಡೂ ಕೈ ತೋರಿಸಿ ತಪ್ಪು ಮಾಡಿದ್ದೇವಂತೆ. ನಾನು ಕ್ಷಮೆ ಕೇಳಿದೆ. ಏನು ಮಾಡಲಿ, ವಯಸ್ಸಾದವರು.

ಭೈರಮ್ಮನಿಗೆ ಮೊದಮೊದಲು ಖುಷಿಯೇ ಆಯಿತು. ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತಿತ್ತು. ಇಬ್ಬರು ಕೂರುವ ಸೀಟಿನಲ್ಲಿ ಒಬ್ಬಳೇ. ತಿಪಟೂರಿನ ಮನೆ ಮಾಲೀಕನೊಬ್ಬ, ಬಾಡಿಗೆಯವರು ಖಾಲಿ ಮಾಡುತ್ತಿಲ್ಲ, ನೀವು ಸುಮ್ಮನೆ ಗೇಟಿನಲ್ಲಿ ಎರಡು ನಿಮಿಷ ನಿಂತು ಹೋಗಿ ಎಂದು ಬೇಡಿಕೊಂಡ. ಅವಳು ಹೋಗಿ ನಿಂತು, ಬಾಡಿಗೆಯವರ ಮಗುವನ್ನು ಎತ್ತಿ ಆಡಿಸಿ, ಅವರ ಮನೆಯಲ್ಲೇ ಕಾಫಿ ಕುಡಿದು ಬಂದಳು. ಮಾಲೀಕನಿಗೆ ಇವತ್ತಿಗೂ ಅವಳ ಮೇಲೆ ಸಿಟ್ಟು.

ಕೊಬ್ಬರಿ ಇಳಿಸುವ ಕಾಲ ಬಂತು. ಯಾರೂ ಅವಳನ್ನು ಕರೆಯಲು ಬರಲಿಲ್ಲ.

ಹೇಗೆ ಬಂದಾರು? ಏಣಿಯ ಬುಡದಲ್ಲಿ ನಿಂತು ಹೆಸರು ಹಿಡಿದು ಕರೆಯಬೇಕು. ಅವಳು ಹತ್ತಿ ಕಾಯಿ ಅಲ್ಲಾಡಿಸಬೇಕು. ಆಗಿದ್ದರೆ ಆಗೈತೆ ಎನ್ನಬೇಕು. ಅವಳ ಕಸುಬಿನ ಒಂದೊಂದು ಹೆಜ್ಜೆಯನ್ನೂ ನಾನು ಎತ್ತಿ ದೆವ್ವದ ಕೈಗೆ ಕೊಟ್ಟುಬಿಟ್ಟಿದ್ದೆ. ಕರೆಯದೆ ಅವಳು ಹೋಗುವವಳಲ್ಲ, ಕರೆಯುವ ಧೈರ್ಯ ಯಾರಿಗೂ ಇಲ್ಲ. ಇಪ್ಪತ್ತಾರು ವರ್ಷ ಅವಳೇ ನೋಡಿದ್ದ ಏಕಾಂತಯ್ಯನವರ ಮನೆಯಿಂದಲೂ ಕರೆ ಬರಲಿಲ್ಲ. ಅಲ್ಲಿ ಬೇರೊಂದು ಕಷ್ಟವಿತ್ತು. ಚಿತ್ರೀಕರಣವಾದ ನಾಲ್ಕು ತಿಂಗಳಿಗೆ ಯಜಮಾನರ ಎದೆಗೆ ಸ್ಟೆಂಟ್ ಹಾಕಿಸಬೇಕಾಗಿ ಬಂದಿತ್ತು. ಅವರ ಸೊಸೆ ಸುಷ್ಮಿತಾ ಎರಡನ್ನೂ ತಾಳೆ ಹಾಕಿದ್ದಳು. ದಾರಿಯಲ್ಲಿ ಸಿಕ್ಕಾಗ ಭೈರಮ್ಮನ ಕೈ ಹಿಡಿದುಕೊಂಡು, "ಅಕ್ಕ, ತಪ್ ತಿಳ್ಕೋಬೇಡಿ. ನಂಗೇನೂ ನಂಬ್ಕೆ ಇಲ್ಲ, ನಾನು ಎಂಕಾಂ ಓದ್ದೋಳು. ಆದ್ರೂ ಮಾವನ ಎದೆ ಸರಿ ಇಲ್ಲ, ಯಾಕ್ ಬೇಕು ಅಂತ. ಈ ಸಲ ಬೇಡ" ಎಂದಳಂತೆ.

ಅವಳ ಗುಂಪಿನ ಏಳು ಹೆಂಗಸರಲ್ಲಿ ಐವರು ಬೇರೆ ಗುಂಪಿಗೆ ಸೇರಿಕೊಂಡರು. ಅವತ್ತು ಭೈರಮ್ಮ ನನ್ನ ಅಂಗಡಿಗೆ ಬಂದಳು. ಬೈಯುತ್ತಾಳೆಂದು ನಾನು ಎದ್ದು ಮೆಷಿನ್ನಿನ ಆಚೆ ಹೋಗಿ ನಿಂತೆ.

"ನಿನ್ನ ಬೈಯಾಕ್ ಬರ್ಲಿಲ್ಲ ಕಣಪ್ಪ, ಕೂತ್ಕ" ಎಂದಳು. "ಮನೇಲ್ ಕೂತು ಅಭ್ಯಾಸ ಇಲ್ಲ ನಂಗೆ. ಕಿವಿಗೆ ಕೆಲ್ಸ ಇಲ್ದೆ ಗುಂಯ್ ಅಂತದೆ. ಆ ಯಮ್ಮನ್ನ ಹುಟ್ಸಿದೋನು ನೀನೇ ಅಲ್ವಾ? ನೀನೇ ಕೊಂದ್ಬುಡು."

ಸಂಜೆಯೊಳಗೆ ಎರಡನೆಯ ಭಾಗ ಬರೆದೆ. ಅಟ್ಟದಮ್ಮ ಏಣಿಯಿಂದ ಜಾರಿ, ಕಾಯಿಗಳ ರಾಶಿಯ ಕೆಳಗೆ ಸಿಕ್ಕಿ, ಮತ್ತೆ ಏಳದಂತೆ ಸಾಯುತ್ತಾಳೆ. ಭೈರಮ್ಮ ಬಹಳ ಶ್ರದ್ಧೆಯಿಂದ ಸತ್ತಳು. ಎಷ್ಟು ಚೆನ್ನಾಗಿ ಸತ್ತಳೆಂದರೆ ಮುನ್ನಾ ಓಡಿ ಹೋಗಿ ಮೂಗಿನ ಹತ್ತಿರ ಬೆರಳಿಟ್ಟು ನೋಡಿದ.

ಇಲ್ಲಿ ರೇಣುಕಪ್ರಸಾದ ತನ್ನ ಕೈಚಳಕ ತೋರಿಸಿದ. ಚಿತ್ರ ಬರುತ್ತಿದೆಯೆಂದು ಜನಕ್ಕೆ ತಿಳಿಸಲು ಒಂದು ಪೋಸ್ಟರ್ ಬೇಕಲ್ಲ. ಅವನ ಕಂಪ್ಯೂಟರಿನಲ್ಲಿ ಸತ್ತವರ ಫ್ಲೆಕ್ಸಿಗೆಂದು ಒಂದು ನಮೂನೆ ಸದಾ ತೆರೆದೇ ಇರುತ್ತದೆ. ಎರಡು ಕಡೆ ದೀಪ, ಮೇಲೊಂದು ಹೂವಿನ ಹಾರ, ನಡುವೆ ಭಾವಚಿತ್ರ. ಕೈ ತಾನಾಗಿ ಅಲ್ಲಿಗೇ ಹೋಯಿತು. ಭೈರಮ್ಮನ ಫೋಟೋ ಹಾಕಿ, ಕೆಳಗೆ "ಅಟ್ಟದಮ್ಮ ಇನ್ನಿಲ್ಲ" ಎಂದು ಬರೆದು, ಅದರಡಿ ಅಭ್ಯಾಸಬಲದಿಂದ "ದುಃಖತಪ್ತರು: ಕುಟುಂಬ ವರ್ಗ ಮತ್ತು ಗೆಳೆಯರ ಬಳಗ" ಎಂಬುದನ್ನು ಅಳಿಸುವುದನ್ನೂ ಮರೆತು, ನೂರೆಂಟು ಗ್ರೂಪಿಗೆ ಕಳಿಸಿದ.

ಮಾರನೆಯ ದಿನ ಹತ್ತು ಗಂಟೆಗೆ ಭೈರಮ್ಮನ ಮನೆಗೆ ಹಾರ ಹಿಡಿದುಕೊಂಡು ಜನ ಬರತೊಡಗಿದರು. ಅವಳು ಹುಲ್ಲು ತರಲು ಹೋಗಿದ್ದಳು. ತಿಮ್ಮರಾಜುವೊಬ್ಬನೇ ಜಗಲಿಯಲ್ಲಿದ್ದ. ಬಂದವರು ಅವನ ಕೈ ಹಿಡಿದುಕೊಂಡು ತಗ್ಗಿದ ದನಿಯಲ್ಲಿ ಏನೇನೋ ಹೇಳಿದರು. ಅವನು ಎಲ್ಲರಿಗೂ ನಕ್ಕು, "ಕೂತ್ಕಳಿ ಕೂತ್ಕಳಿ, ಈಗ್ ಬತ್ತಾಳೆ" ಎಂದ. ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಜನ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ತಲೆಗೆ ಅದೇ ಗೋಣಿಚೀಲದ ಕೊಪ್ಪೆ, ಅದರ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಅವಳು ಹಿತ್ತಲ ಬಾಗಿಲಿನಿಂದ ಬಂದಳು. ಅಂಗಳದಲ್ಲಿ ಉಳಿದದ್ದು ಹನ್ನೊಂದು ಚಪ್ಪಲಿ, ಒಂದೂ ಜೊತೆಯಿಲ್ಲ ಎಂದು ಅವಳೇ ಆಮೇಲೆ ಹೇಳಿದಳು. ಹೇಳುವಾಗ ನಗಲಿಲ್ಲ. ನಾನು ಅದನ್ನು ಗಮನಿಸಿದೆ.

ಅಲ್ಲಿಗೆ ಮುಗಿಯಿತು. ಮೊದಲು ಅವಳು ದೆವ್ವದ ಪಾತ್ರ ಮಾಡಿದವಳು, ಈಗ ಸತ್ತು ಎದ್ದುಬಂದವಳು. ಎರಡೂ ಚಿತ್ರದ ಮೊದಲಲ್ಲಿ "ಇದೆಲ್ಲ ಕಾಲ್ಪನಿಕ" ಎಂದು ದಪ್ಪಕ್ಷರದಲ್ಲಿ ಹಾಕಿದೆವು. ಹಾಗೆ ಹಾಕಿದರೆ ನಿಜ ಎಂದು ಅರ್ಥ ಎಂದು ಜನ ತಿಳಿದುಕೊಂಡರು. ಎರಡನ್ನೂ ತೆಗೆದುಹಾಕಿದೆವು. ಅಟ್ಟದಮ್ಮನೇ ತೆಗೆಸಿದಳಂತೆ. ಉಳಿದಿದ್ದ ಇಬ್ಬರು ಹೆಂಗಸರೂ ಅವಳ ಗುಂಪು ಬಿಟ್ಟರು. ನಾನು ಅವಳ ಮನೆಯ ದಾರಿಯಲ್ಲಿ ಹೋಗುವುದನ್ನೇ ನಿಲ್ಲಿಸಿದೆ. ಹೇಡಿ ಎನ್ನಿ, ಸರಿಯಾಗಿಯೇ ಇದೆ.

ಆ ಶ್ರದ್ಧಾಂಜಲಿ ಏಕಾಂತಯ್ಯನವರ ಫೋನಿಗೂ ಹೋಗಿತ್ತು. ಮನೆಯವರು ಅವರಿಂದ ಎಲ್ಲವನ್ನೂ ಮುಚ್ಚಿಟ್ಟಿದ್ದರು. ನಾಲ್ಕು ದಿನವಾದ ಮೇಲೆ ಯಾರೋ ಫೋಟೋ ತೋರಿಸಿಕೊಟ್ಟಾಗ, ಭೈರಮ್ಮ ಹೋದಳು, ಯಾರೂ ನನಗೊಂದು ಮಾತೂ ಹೇಳಲಿಲ್ಲ ಎಂದು ಗೋಳಾಡಿ ನನ್ನನ್ನು ಕರೆಸಿದರು. ನಾನು ಕೈಕಟ್ಟಿ ನಿಂತು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಅವರು ಒಂದು ಸಲವೂ ನಗಲಿಲ್ಲ. ಸುಷ್ಮಿತಾ ಬಾಗಿಲ ಹಿಂದೆ ನಿಂತಿದ್ದಳು.

"ನನ್ ಅಟ್ಟುಕ್ಕೆ ಯಾರ್ ಹತ್ಬೇಕು ಅಂತ ನನ್ ಬುಟ್ಟು ಊರೆಲ್ಲಾ ತೀರ್ಮಾನ ಮಾಡ್ಬುಡ್ತಾ?" ಎಂದು ಎದ್ದರು. "ಸ್ಕೂಟ್ರು ತೆಗಿಯಯ್ಯ."

ಅವರನ್ನು ಹಿಂದೆ ಕೂರಿಸಿಕೊಂಡು ಭೈರಮ್ಮನ ಮನೆಗೆ ಹೋದೆ. ಅವರು ಜಗಲಿಯ ಹತ್ತಿರ ನಿಂತು, "ಭೈರಮ್ಮ, ಅಟ್ಟ ನೋಡ್ಬೇಕು, ಬಾರವ್ವ" ಎಂದರು. ಅವಳು ಸೀರೆ ಬದಲಿಸಿಕೊಂಡು ಹೊರಬಂದು, ನನ್ನ ಮುಖ ನೋಡದೆ ಅವರ ಹಿಂದೆ ನಡೆದಳು.

ಹನ್ನೊಂದು ಗಂಟೆಯ ಬಿಸಿಲು. ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಕಾಂಪೌಂಡಿನ ಆಚೆ ಅರ್ಧ ಊರು. ರೇಣುಕಪ್ರಸಾದನೂ ಬಂದಿದ್ದ, ಜೀವನದಲ್ಲಿ ಮೊದಲ ಸಲ ಕ್ಯಾಮೆರಾ ಇಲ್ಲದೆ. ಸುಷ್ಮಿತಾಳ ಕೈಯಲ್ಲಿ ಮಾತ್ರೆ, ನೀರಿನ ಲೋಟ. ಏಕಾಂತಯ್ಯನವರು ಏಣಿಯ ಬುಡದಲ್ಲಿ ನಿಂತು, "ಭೈರಮ್ಮ, ಹತ್ತವ್ವ" ಎಂದರು. ಜನ ಒಂದು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ, ಬರೆದವನು.

ಅವಳು ಹತ್ತಿದಳು. ಮೇಲೆ ಕಾಯಿಗಳು ಸರಿಯುವ ಸದ್ದು, ಅಲ್ಲಾಡಿಸುವ ಸದ್ದು. ಒಂದು ಮೂಲೆ, ಇನ್ನೊಂದು ಮೂಲೆ. ಯಾವಾಗಲೂ ಮೇಲಿನಿಂದಲೇ ಕೂಗುವವಳು ಇವತ್ತು ಕೂಗಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದು ಬಂದು, ನೆಲ ನೋಡುತ್ತಾ ಹೇಳಿದಳು.

"ಇನ್ನೂ ಇಲ್ಲ ಯಜಮಾನ್ರೆ. ಇನ್ನೊಂದ್ ತಿಂಗ್ಳು ಇರ್ಲಿ."

ಕಾಂಪೌಂಡಿನ ಆಚೆಗೆ ಎಲ್ಲರೂ ಉಸಿರು ಬಿಟ್ಟರು. ಸುಷ್ಮಿತಾ ಮಾತ್ರೆಯನ್ನು ಸೆರಗಿಗೆ ಕಟ್ಟಿಕೊಂಡಳು. ನನಗೂ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ. ಏಕಾಂತಯ್ಯನವರೊಬ್ಬರೇ ಅಲ್ಲಾಡಲಿಲ್ಲ.

"ಒಂದ್ ಕಾಯಿ ಇಳ್ಸು" ಎಂದರು.

ಅವಳು ಹತ್ತಿ ಒಂದನ್ನು ತಂದು ಕೊಟ್ಟಳು. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನನ್ನ ಕೈಗಿಟ್ಟರು. ನಾನು ಅಲ್ಲಾಡಿಸಿದೆ. ಮೆಷಿನ್ನಿನ ಗರಗರ ಬಿಟ್ಟು ಬೇರೇನೂ ಕೇಳದ ನನ್ನ ಕಿವಿಗೂ ಗೊತ್ತಾಯಿತು. ಒಳಗೆ ಉಂಡೆ ಲೊಡಕ್ ಲೊಡಕ್ ಎಂದು ಓಡಾಡುತ್ತಿತ್ತು. ಆಗಿ ಹದಿನೈದು ದಿನವಾದರೂ ಆಗಿತ್ತು.

"ಇಪ್ಪತ್ತಾರ್ ವರ್ಷದಲ್ಲಿ ನೀನು ಈ ಮನೇಲಿ ಸುಳ್ ಹೇಳಿರ್ಲಿಲ್ಲ ಕಣವ್ವ" ಎಂದರು ಏಕಾಂತಯ್ಯನವರು.

ಭೈರಮ್ಮ ಏಣಿಯ ಕೊನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. "ಆ ಮಾತು ಬಾಯಿಗೆ ಬತ್ತಾ ಇಲ್ಲ ಯಜಮಾನ್ರೆ" ಎಂದಳು. "ನಿಮ್ಮ ಎದೆಗ್ ಹಿಂಗಾಗೈತೆ ಅಂತಾರೆ. ನಾನ್ ಅಂದು, ನಾಳೀಕೆ ಏನಾರ ಆದ್ರೆ? ಎಲ್ಲಾ ಅಂತಾರಲ್ಲ, ನಂಗೂ ಹಂಗೇ ಅನ್ಸ್ಬುಟ್ಟೈತೆ. ನನ್ ಬಾಯಿ ಕಂಡ್ರೆ ನಂಗೇ ಹೆದ್ರಿಕೆ."

ಊರು ಹೆದರಿದಾಗ ನನಗೆ ನಗು ಬಂದಿತ್ತು. ನಮ್ಮಮ್ಮ ಬೆಲ್ಲ ಇಟ್ಟಾಗ ಸಿಟ್ಟು ಬಂದಿತ್ತು. ಆ ಮಾತು ಕೇಳಿದಾಗ ಮಾತ್ರ ನಾನು ಮಾಡಿದ್ದೇನೆಂದು ತಿಳಿಯಿತು. ನಾನು ಅವಳ ಕೆಲಸವನ್ನಷ್ಟೇ ಕಸಿದಿರಲಿಲ್ಲ. ಅಳಬೇಕೆನಿಸಿತು, ಜನರಿದ್ದರು.

ಏಕಾಂತಯ್ಯನವರು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಡಾಕ್ಟರು ಹಾಗೆ ಕೂರಬಾರದು ಎಂದಿದ್ದರು, ಸುಷ್ಮಿತಾ ಬಾಯಿ ತೆರೆದು ಮುಚ್ಚಿದಳು.

"ನನ್ ಎದೇನ ಡಾಕ್ಟ್ರು ನೋಡ್ಕಂತಾರೆ. ನನ್ ಕೊಬ್ರಿನ ನೀನ್ ನೋಡ್ಕ. ಈಗ ಹೇಳು."

ಕಾಯಿಯನ್ನು ಅವಳ ಕೈಗೆ ಕೊಟ್ಟರು. ಅವಳು ಕಣ್ಣುಮುಚ್ಚಿ ಅಲ್ಲಾಡಿಸಿದಳು. ಅವರನ್ನು ನೋಡದೆ, ಕಾಯಿಯನ್ನೇ ನೋಡುತ್ತಾ, ಹತ್ತಿರವಿದ್ದ ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ "ಆಗೈತೆ" ಎಂದಳು.

"ಹಂಗಾದ್ರೆ ನಾಳೆ ಎಂಟ್ ಗಂಟೆಗೆ ಜನ ಕರ್ಕಂಡ್ ಬಾ" ಎಂದು ಅವರು ನನ್ನ ಹೆಗಲು ಹಿಡಿದು ಎದ್ದರು.

ಮಾರನೆಯ ದಿನ ಬೆಳಿಗ್ಗೆ ಐದೂವರೆಗೆ ನಾನು ಹಾಲು ತರುತ್ತೇನೆಂದು ಹೇಳಿ ಮನೆ ಬಿಟ್ಟೆ. ಹಾಲಿಗೆ ಸ್ಕೂಟರು ಯಾಕೆಂದು ತಾಯಿ ಕೇಳಲಿಲ್ಲ, ಯಾರನ್ನು ನೋಡಲು ಹೊರಟಿದ್ದೇನೆಂದು ಅವಳಿಗೂ ಗೊತ್ತಿತ್ತು. ಅರಳಗುಪ್ಪೆಯಲ್ಲಿ ಏಕಾಂತಯ್ಯನವರ ಮನೆಯ ಎದುರಿನ ಹುಣಸೆಮರದ ಕೆಳಗೆ ಒಬ್ಬ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ. ಬೈಕಿನಿಂದ ಇಳಿದ ಮೇಲೂ ಹೆಲ್ಮೆಟ್ ತೆಗೆಯದವನು ರೇಣುಕಪ್ರಸಾದನಲ್ಲದೆ ಇನ್ನಾರು? ಆಮೇಲೆ ಗೇಟಿನ ಕಡೆ ನೋಡಿದರೆ, ಕಂಬಿ ಹಿಡಿದುಕೊಂಡು ಭೈರಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಕಾಲೆಲ್ಲ ಮಂಜಿನಲ್ಲಿ ನೆನೆದಿತ್ತು.

"ಬಾಗ್ಲು ಇನ್ನೂ ತೆಗ್ದಿಲ್ಲ" ಎಂದಳು, ನನ್ನ ಕಡೆ ತಿರುಗದೆ.

ಮೂವರೂ ಕಾದೆವು. ಆರೂಕಾಲು, ಆರೂವರೆ. ಒಳಗೆ ಯಾರೋ ಕೆಮ್ಮಿದರು, ಯಾರೆಂದು ತಿಳಿಯಲಿಲ್ಲ. ಭೈರಮ್ಮ ಗೇಟಿಗೆ ಕಿವಿಯಿಟ್ಟಳು. "ಅವ್ರುದೇ" ಎಂದಳು, ಆದರೂ ಅಲ್ಲಿಂದ ಕದಲಲಿಲ್ಲ.

ಬಾಗಿಲು ತೆರೆಯಿತು. ಏಕಾಂತಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು, ಬಾಯಿ ತುಂಬ ಪೇಸ್ಟಿನ ನೊರೆ, ಬ್ರಷ್ಷು ಹಿಡಿದು ಅಂಗಳಕ್ಕೆ ಬಂದರು. ನಮ್ಮನ್ನು ನೋಡಿದರು. ಉಗಿದು ಬಾಯಿ ಮುಕ್ಕಳಿಸಿದರು.

"ಎಂಟ್ ಗಂಟೆ ಅಂದಿದ್ದಲ್ವೇನವ್ವ ನಾನು?"

ಭೈರಮ್ಮ ತೊಟ್ಟಿಯ ಹತ್ತಿರ ಹೋಗಿ ಮುಖಕ್ಕೆ ನೀರು ಎರಚಿಕೊಂಡು, ಸೆರಗಿನಿಂದ ಬಹಳ ಹೊತ್ತು ಒರೆಸಿಕೊಂಡಳು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದೀರ? ಗುಂಪಿಲ್ಲ ನಂಗೆ, ಎಲ್ಲಾ ಓಡ್ಸಿದೀರ. ಅಟ್ಟ ಹತ್ರಿ, ಕಾಯಿ ಇಳ್ಸಿ" ಎಂದಳು. ರೇಣುಕಪ್ರಸಾದ ಹೆಲ್ಮೆಟ್ ಸಮೇತ ಹತ್ತಿದ.

ಹತ್ತು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಕಾಯಿ ರಾಶಿಯಾಗಿತ್ತು. ಏಕಾಂತಯ್ಯನವರು ಕುರ್ಚಿ ಹಾಕಿಸಿಕೊಂಡು ನಾವು ಎಸೆಯುವ ರೀತಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬಿಟ್ಟುಹೋಗಿದ್ದ ಹೆಂಗಸರಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ಬಂದು ಕೆಲಸಕ್ಕೆ ಕೂತರು. ಆಗ ತೋಟದ ಮಲ್ಲೇಶ್ ಗೇಟಿನ ಹತ್ತಿರ ಬಂದು ನಿಂತ. ಅವನ ಅಟ್ಟವೂ ಕಾದು ಕೂತಿತ್ತು. ಮೊದಲು ಏಕಾಂತಯ್ಯನವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಅವರು ಒಂದು ಕೆಟ್ಟ ಬೈಗುಳ ಬೈಯುವವರೆಗೂ ಕಾದು ಕೇಳಿಸಿಕೊಂಡ. ಆಮೇಲೆ ಭೈರಮ್ಮನ ಕಡೆ ತಿರುಗಿದ.

"ನಮ್ದೂ ಒಂಚೂರ್ ನೋಡ್ ಬಾರಕ್ಕ" ಎಂದ.

ಭೈರಮ್ಮ ಕೈಯಲ್ಲಿದ್ದ ಚಿಪ್ಪನ್ನು ಒಡೆದು, ಇಡಿಯ ಉಂಡೆಯನ್ನು ತೆಗೆದು ಪಕ್ಕಕ್ಕಿಟ್ಟಳು.

"ಬತ್ತೀನಿ ಕಣಪ್ಪ. ಆಗಿದ್ರೆ ಆಗೈತೆ ಅಂತ್ಲೇ ಹೇಳೋದು ನಾನು. ನಿಂತ್ಕಂಡ್ ಕೇಳ್ಬೇಕು."